ಬೂಸ್ಟರ್ ತೆಗೆದು ಮ್ಯಾನುಯಲ್ ಬ್ರೇಕ್ ಕೂರಿಸುವುದು: ಪೆಡಲ್ ಅಳತೆಯಿಂದ ಘಾಟಿಯ ಪರೀಕ್ಷೆವರೆಗೆ

ಬೂಸ್ಟರ್ ಎಂದರೆ ಎಂಜಿನ್ನಿನ ನಿರ್ವಾತ (ವ್ಯಾಕ್ಯೂಮ್) ಬಳಸಿ ಪಾದದ ಬಲಕ್ಕೆ ಸಹಾಯ ಕೊಡುವ ಡಬ್ಬ. ಅದಿದ್ದರೆ ಪವರ್ ಬ್ರೇಕ್, ಇಲ್ಲದಿದ್ದರೆ ಮ್ಯಾನುಯಲ್. ಅದರ ವ್ಯಾಕ್ಯೂಮ್ ಪೈಪ್ ಕಿತ್ತು, ನಿಪ್ಪಲ್‌ಗೆ ರಬ್ಬರ್ ಕ್ಯಾಪ್ ಹಾಕಿಬಿಟ್ಟರೆ ಪವರ್ ಬ್ರೇಕ್ ಮ್ಯಾನುಯಲ್ ಬ್ರೇಕ್ ಆಗುವುದಿಲ್ಲ. ಕೆಟ್ಟುಹೋದ ಪವರ್ ಬ್ರೇಕ್ ಆಗುತ್ತದೆ, ಅಷ್ಟೇ. ಎಂಜಿನ್ ಬದಲಾಯಿಸಿದ ಎಷ್ಟೋ ಗಾಡಿಗಳು ಇದೇ ಸ್ಥಿತಿಯಲ್ಲಿ ಓಡಾಡುತ್ತಿವೆ. ಪೆಡಲ್ ಕಲ್ಲಿನಂತೆ ಗಟ್ಟಿ, ಗಾಡಿ ಮಾತ್ರ ನಿಲ್ಲುವುದಿಲ್ಲ. ಮ್ಯಾನುಯಲ್ ಬ್ರೇಕ್ ಸರಿಯಾಗಿ ಕೆಲಸ ಮಾಡಬೇಕಾದರೆ ಎರಡು ಅಳತೆ ಬದಲಾಗಲೇಬೇಕು: ಪೆಡಲ್‌ನ ಸನ್ನೆ ಅನುಪಾತ ಮತ್ತು ಮಾಸ್ಟರ್ ಸಿಲಿಂಡರ್‌ನ (ಪೆಡಲ್‌ನ ಬಲವನ್ನು ಬ್ರೇಕ್ ಆಯಿಲ್‌ನ ಒತ್ತಡವಾಗಿಸುವ ಭಾಗ) ಬೋರ್, ಅಂದರೆ ಒಳವ್ಯಾಸ. ಬೂಸ್ಟರ್ ಬಿಚ್ಚುವುದು ಅರ್ಧ ಗಂಟೆಯ ಕೆಲಸ. ಸಮಯ ಹಿಡಿಯುವುದು ಈ ಎರಡು ಅಳತೆಗಳೇ.

ಯಾರಿಗೆ ಬೇಕು, ಯಾರಿಗೆ ಬೇಡ

ಬೂಸ್ಟರ್ ಕೆಲಸ ಮಾಡುವುದು ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್‌ನ ನಿರ್ವಾತ ಮತ್ತು ಹೊರಗಿನ ಗಾಳಿಯ ಒತ್ತಡದ ನಡುವಿನ ವ್ಯತ್ಯಾಸದಿಂದ. ರೇಸಿಂಗ್ ಕ್ಯಾಮ್ ಹಾಕಿದ ಎಂಜಿನ್, ಒಂದೊಂದು ಸಿಲಿಂಡರ್‌ಗೂ ಬೇರೆ ಥ್ರಾಟಲ್ ಬಾಡಿ ಇರುವ ಎಂಜಿನ್, ವ್ಯಾಕ್ಯೂಮ್ ಪಂಪ್ ಇಲ್ಲದೆ ಕೂರಿಸಿದ ಡೀಸೆಲ್ ಎಂಜಿನ್, ಇವುಗಳಲ್ಲಿ ಬೂಸ್ಟರ್‌ಗೆ ಬೇಕಾದಷ್ಟು ನಿರ್ವಾತ ಸಿಗುವುದಿಲ್ಲ. ಇನ್ನು ಕೆಲವು ಗಾಡಿಗಳಲ್ಲಿ ಹೊಸ ಎಂಜಿನ್ ಕೂತ ಮೇಲೆ ಬೂಸ್ಟರ್‌ನ ಆ ದೊಡ್ಡ ಡಬ್ಬಕ್ಕೆ ಜಾಗವೇ ಉಳಿದಿರುವುದಿಲ್ಲ.

ನಮ್ಮ ಕಡೆಗೆ ಇನ್ನೊಂದು ಮಾತೂ ಅನ್ವಯಿಸುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಚಿಕ್ಕಮಗಳೂರು ಪೇಟೆಯ ಎತ್ತರದಲ್ಲಿ ಅದು 89ರ ಆಸುಪಾಸು, ಮುಳ್ಳಯ್ಯನಗಿರಿಯ ತುದಿಯಲ್ಲಿ 80. ಬೂಸ್ಟರ್‌ನ ಸಹಾಯವೂ ಆ ಲೆಕ್ಕದಲ್ಲೇ ಇಳಿಯುತ್ತದೆ. ಒಳ್ಳೆಯ ಎಂಜಿನ್‌ಗೆ ಇದು ದೊಡ್ಡ ವಿಷಯವಲ್ಲ. ಮೊದಲೇ ನಿರ್ವಾತ ಕಡಿಮೆ ಇರುವ ಎಂಜಿನ್ ಆದರೆ, ಹಾಸನದಲ್ಲಿ ಹೇಗೋ ನಡೆದ ಬ್ರೇಕ್ ಗಿರಿಯ ಮೇಲೆ ಕೈಕೊಡುತ್ತದೆ. ಹಳ್ಳ ದಾಟುವಾಗ ಎಂಜಿನ್ ಆಫ್ ಆದರೂ ಮ್ಯಾನುಯಲ್ ಬ್ರೇಕ್‌ನ ಪೆಡಲ್ ಹಾಗೆಯೇ ಇರುತ್ತದೆ. ತೋಟದ ಹಳೆಯ ವಿಲ್ಲಿಸ್ ಜೀಪುಗಳಿಗೆ ಬೂಸ್ಟರ್ ಇರಲೇ ಇಲ್ಲ ಎಂಬುದನ್ನೂ ನೆನಪಿಡಿ.

ಹಾಗಂತ ಎಲ್ಲ ಗಾಡಿಗೂ ಇದು ಬೇಡ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗೆ ಕೈ ಹಾಕಲೇಬೇಡಿ. ಖಾಲಿ ತೂಕ 1,200 ಕೆ.ಜಿ. ದಾಟಿದ ಗಾಡಿ, ಟ್ರೈಲರ್ ಎಳೆಯುವ ಗಾಡಿ, ಕಾಫಿ ಮೂಟೆ ಹೇರುವ ಗಾಡಿ, ಮನೆಯಲ್ಲಿ ಮೂರ್ನಾಲ್ಕು ಜನ ಓಡಿಸುವ ಗಾಡಿ, ಇವುಗಳಿಗೆ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಹಾಕಿ ಬೂಸ್ಟರ್ ಉಳಿಸಿಕೊಳ್ಳುವುದೇ ಜಾಣತನ. ಕೆಳಗಿನ ಲೆಕ್ಕವೆಲ್ಲ ಮಾರುತಿ ಜಿಪ್ಸಿ ಗಾತ್ರದ, ಒಂದು ಟನ್ ಆಸುಪಾಸಿನ, ಮುಂದೆ ಡಿಸ್ಕ್ ಹಿಂದೆ ಡ್ರಮ್ ಇರುವ ಗಾಡಿಗೆ.

ಕಾನೂನಿನ ವಿಷಯವನ್ನು ಮೊದಲೇ ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ಅನುಮತಿ ಇಲ್ಲದ ಮಾರ್ಪಾಡಿಗೆ 182ಎ ಕಲಂ ಪ್ರಕಾರ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ರ‍್ಯಾಲಿಗೆ ಅಥವಾ ತೋಟದೊಳಗಿನ ಓಡಾಟಕ್ಕೆ ಮೀಸಲಾದ ಗಾಡಿಯ ಮಾತು ಬೇರೆ. ಸಾರ್ವಜನಿಕ ರಸ್ತೆಗೆ ಇಳಿಸುವುದಾದರೆ ಸ್ಪ್ಯಾನರ್ ಹಿಡಿಯುವ ಮುಂಚೆಯೇ, ಕೆಎ-13 ಆಗಲಿ ಕೆಎ-18 ಆಗಲಿ, ನಿಮ್ಮ ಆರ್‌ಟಿಒದಲ್ಲಿ ಕೇಳಿ. ಇನ್ಶೂರೆನ್ಸ್ ಕಂಪನಿಗೂ ಬರಹದಲ್ಲಿ ತಿಳಿಸಿ.

ಪೆಡಲ್ ಅನುಪಾತ

ಪೆಡಲ್ ಒಂದು ಸನ್ನೆ. ಹಾರೆಯಿಂದ ಕಲ್ಲು ಎಬ್ಬಿಸುವಾಗ ಆನಿಕೆಯ ಹತ್ತಿರ ಕಲ್ಲಿದ್ದಷ್ಟೂ ಕೆಲಸ ಹಗುರ. ಇಲ್ಲೂ ಅದೇ ಲೆಕ್ಕ. ಪೆಡಲ್ ತೂಗುವ ಪಿವಟ್ ಪಿನ್‌ನ ನಡುವಿನಿಂದ ಪಾದ ಇಡುವ ಜಾಗದ ನಡುವಿನವರೆಗೆ ಟೇಪ್ ಹಿಡಿದು ಅಳೆಯಿರಿ. ಆಮೇಲೆ ಅದೇ ಪಿವಟ್‌ನಿಂದ ಪುಶ್ ರಾಡ್ (ಪೆಡಲ್‌ನಿಂದ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಒತ್ತುವ ಸರಳು) ಸೇರುವ ತೂತಿನ ನಡುವಿನವರೆಗೆ ಅಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಪೆಡಲ್ ಬಾಗಿದ್ದರೆ ಬಾಗಿನ ಉದ್ದಕ್ಕೂ ಟೇಪ್ ಓಡಿಸಬೇಡಿ, ನೇರ ಅಳತೆ ತೆಗೆದುಕೊಳ್ಳಿ.

ಬೂಸ್ಟರ್ ಇರುವ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ 4ರ ಹತ್ತಿರ ಇರುತ್ತದೆ. ಮ್ಯಾನುಯಲ್ ಬ್ರೇಕ್‌ಗೆ 5.5ರಿಂದ 6.2 ಬೇಕು. ಉದಾಹರಣೆಗೆ ಪೆಡಲ್ ಉದ್ದ 300 ಮಿ.ಮೀ., ರಾಡ್ ತೂತು ಪಿವಟ್‌ನಿಂದ 75 ಮಿ.ಮೀ. ಕೆಳಗಿದ್ದರೆ ಅನುಪಾತ 4. ತೂತನ್ನು 50 ಮಿ.ಮೀ.ಗೆ, ಅಂದರೆ 25 ಮಿ.ಮೀ. ಮೇಲಕ್ಕೆ ಸರಿಸಿದರೆ ಅದು 6 ಆಗುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಪೆಡಲ್‌ನ ತೂತು ಮೇಲಕ್ಕೆ ಹೋದರೆ ಫೈರ್‌ವಾಲ್‌ನ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಮೇಲಿನ ಮಾಸ್ಟರ್ ಸಿಲಿಂಡರ್ ಕೂಡ ಅಷ್ಟೇ ಮೇಲಕ್ಕೆ ಹೋಗಬೇಕು. ಹಳೆಯ ತೂತಿನಲ್ಲೇ ಮಾಸ್ಟರ್ ಕೂರಿಸಿ ರಾಡ್ ಅನ್ನು ಓರೆಯಾಗಿ ಬಿಟ್ಟರೆ, ಅದು ಪಿಸ್ಟನ್ ಅನ್ನು ಬೋರ್‌ನ ಒಂದು ಪಕ್ಕಕ್ಕೆ ಒತ್ತಿ ಒತ್ತಿ ಕೆಲವೇ ತಿಂಗಳಲ್ಲಿ ರಬ್ಬರ್ ಕಪ್ ತಿಂದುಹಾಕುತ್ತದೆ. ಪೆಡಲ್ ಅರ್ಧ ಒತ್ತಿದಾಗ ರಾಡ್ ಮತ್ತು ಸಿಲಿಂಡರ್ ಒಂದೇ ಗೆರೆಯಲ್ಲಿರಬೇಕು. ಉಳಿದ ಹೊತ್ತಿನಲ್ಲಿ 5 ಡಿಗ್ರಿಗಿಂತ ಹೆಚ್ಚು ಓರೆ ಆಗಬಾರದು.

ಹೊಸ ತೂತು ಕೊರೆಯುವ ಜಾಗದಲ್ಲಿ ಪೆಡಲ್ ತೋಳಿನ ಎರಡೂ ಪಕ್ಕಕ್ಕೆ 5 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟ್ ಇಟ್ಟು ಸುತ್ತಲೂ ವೆಲ್ಡ್ ಮಾಡಿಸಿ. ಆಮೇಲೆ ತೂತು ಕೊರೆದು, ಲೇತ್‌ನಲ್ಲಿ ಟರ್ನ್ ಮಾಡಿಸಿದ ಗಟ್ಟಿ ಬುಶ್ ಕೂರಿಸಿ. ತೂತು ಮೊದಲು, ವೆಲ್ಡಿಂಗ್ ಆಮೇಲೆ ಅಂತ ಹೊರಟರೆ ಶಾಖಕ್ಕೆ ಬುಶ್ ಅಂಡಾಕಾರವಾಗುತ್ತದೆ. ಗಾಬರಿಯಲ್ಲಿ ಮನುಷ್ಯ 100 ಕೆ.ಜಿ. ಬಲ ಹಾಕಿ ಒದೆಯಬಲ್ಲ. 6ರ ಅನುಪಾತದಲ್ಲಿ ರಾಡ್ ಮೇಲೆ ಆಗ 600 ಕೆ.ಜಿ. ಬೀಳುತ್ತದೆ. ವೆಲ್ಡಿಂಗ್ ಅಷ್ಟನ್ನು ತಡೆಯುವಂತಿರಬೇಕು. ಬೀಡು ಎರಕದ ಪೆಡಲ್ ಆದರೆ ವೆಲ್ಡ್ ಮಾಡಿಸುವ ಆಸೆ ಬಿಟ್ಟು ಬೇರೆ ಪೆಡಲ್ ಹುಡುಕಿ.

ಮಾಸ್ಟರ್ ಸಿಲಿಂಡರ್ ಆಯ್ಕೆ

ಪಾದದ ಬಲ 40 ಕೆ.ಜಿ. ಎಂದಿಟ್ಟುಕೊಂಡರೆ ಬ್ರೇಕ್ ಪೈಪಿನಲ್ಲಿ ಹುಟ್ಟುವ ಒತ್ತಡ (ಪ್ರತಿ ಚದರ ಸೆಂ.ಮೀ.ಗೆ ಕೆ.ಜಿ. ಲೆಕ್ಕದಲ್ಲಿ) ಹೀಗಿರುತ್ತದೆ:

ಅನುಪಾತ 4, ಬೋರ್ 25.4 ಮಿ.ಮೀ. (1 ಇಂಚು): 32
ಅನುಪಾತ 6, ಬೋರ್ 25.4 ಮಿ.ಮೀ.: 47
ಅನುಪಾತ 6, ಬೋರ್ 23.8 ಮಿ.ಮೀ. (15/16 ಇಂಚು): 54
ಅನುಪಾತ 6, ಬೋರ್ 22.2 ಮಿ.ಮೀ. (7/8 ಇಂಚು): 62
ಅನುಪಾತ 6, ಬೋರ್ 20.6 ಮಿ.ಮೀ. (13/16 ಇಂಚು): 72

ಮೊದಲ ಸಾಲು ಬೂಸ್ಟರ್ ಸತ್ತ ಗಾಡಿಯ ಸ್ಥಿತಿ. ನಾಲ್ಕನೆಯದಕ್ಕೆ ಬಂದರೆ ಅದೇ ಪಾದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಒತ್ತಡ.

ಹಾಗಾದರೆ ಇನ್ನೂ ಚಿಕ್ಕ ಬೋರ್ ಹಾಕಿಬಿಡೋಣ ಅನಿಸುವುದು ಸಹಜ. ಆದರೆ ಬಲದಲ್ಲಿ ಗಳಿಸಿದ್ದನ್ನು ಪೆಡಲ್ ಓಟದಲ್ಲಿ ಕೊಡಬೇಕಾಗುತ್ತದೆ. ಅನುಪಾತ 4ರಿಂದ 6ಕ್ಕೆ ಏರಿದಾಗ ಪೆಡಲ್ ಒಂದೂವರೆ ಪಟ್ಟು ಹೆಚ್ಚು ಚಲಿಸಬೇಕು. ಬೋರ್ 25.4ರಿಂದ 22.2ಕ್ಕೆ ಇಳಿದಾಗ ಅದರ ಮೇಲೆ ಇನ್ನೂ ಶೇ 30. ಒಟ್ಟು ಸೇರಿ ಹತ್ತಿರ ಹತ್ತಿರ ಎರಡು ಪಟ್ಟು. ಮೊದಲು 45 ಮಿ.ಮೀ. ಒತ್ತಿದರೆ ಹಿಡಿಯುತ್ತಿದ್ದ ಬ್ರೇಕ್ ಈಗ 88 ಮಿ.ಮೀ. ಕೇಳುತ್ತದೆ, 20.6ರ ಬೋರ್ ಆದರೆ 102. ಹಾಗಾಗಿ ಈ ತೂಕದ ಗಾಡಿಗೆ 22.2 ಮಿ.ಮೀ.ನಿಂದ ಶುರು ಮಾಡಿ. ಪೆಡಲ್ ತೀರಾ ಉದ್ದ ಅನಿಸಿದರೆ 23.8ಕ್ಕೆ ಹೋಗಿ. 20.6 ಸರಿಹೊಂದುವುದು ಸಣ್ಣ ಕ್ಯಾಲಿಪರ್ ಇರುವ ಹಗುರ ಗಾಡಿಗಳಿಗೆ.

ಅಂಗಡಿಯಲ್ಲಾಗಲಿ ಗುಜರಿಯಲ್ಲಾಗಲಿ ಮಾಸ್ಟರ್ ಕೈಗೆತ್ತಿಕೊಂಡಾಗ ಇವಿಷ್ಟನ್ನು ನೋಡಿ. ಒಂದು, ಅದು ಟ್ಯಾಂಡಮ್ ಸಿಲಿಂಡರ್ ಆಗಿರಬೇಕು, ಅಂದರೆ ಒಂದು ಕಡೆಯ ಪೈಪ್ ಒಡೆದರೂ ಇನ್ನೊಂದು ಕಡೆ ಬ್ರೇಕ್ ಹಿಡಿಯುವಂತೆ ಎರಡು ಸರ್ಕ್ಯೂಟ್ ಇರಬೇಕು. ಒಂದೇ ಸರ್ಕ್ಯೂಟ್‌ನದು ಎಷ್ಟು ಅಗ್ಗವಾದರೂ ಬೇಡ. ಎರಡು, ಪಿಸ್ಟನ್‌ನ ಹಿಂಭಾಗದ ಕುಳಿ ನೋಡಿ. ಬೂಸ್ಟರ್‌ಗೆ ಮಾಡಿದ ಪಿಸ್ಟನ್‌ನಲ್ಲಿ ಕುಳಿ ಕೆಲವೇ ಮಿ.ಮೀ. ಆಳ. ಮ್ಯಾನುಯಲ್‌ಗೆ ಮಾಡಿದ್ದರಲ್ಲಿ 30 ಮಿ.ಮೀ.ಗಿಂತ ಹೆಚ್ಚು ಆಳವಿರುತ್ತದೆ, ಇಲ್ಲವೇ ರಾಡ್ ಹಿಡಿದಿಡಲು ಕ್ಲಿಪ್ ಇರುತ್ತದೆ. ಆಳವಿಲ್ಲದ ಕುಳಿಗೆ ಸಡಿಲ ರಾಡ್ ಇಟ್ಟರೆ ಗುಂಡಿಗೆ ಹಾರಿದಾಗ ರಾಡ್ ಜಾರಿ ಕೆಳಗೆ ಬೀಳಬಹುದು, ಆಮೇಲೆ ಪೆಡಲ್ ಇದ್ದೂ ಇಲ್ಲದಂತೆ. ಈ ಇಡೀ ಕೆಲಸದಲ್ಲಿ ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ. ಮೂರು, ನಾಲ್ಕೂ ಚಕ್ರಕ್ಕೆ ಡ್ರಮ್ ಇದ್ದ ಗಾಡಿಯ ಮಾಸ್ಟರ್‌ನ ಬಾಯಿಗಳಲ್ಲಿ ಒತ್ತಡ ಉಳಿಸುವ ಚಿಕ್ಕ ವಾಲ್ವ್ ಇರಬಹುದು. ಅದಕ್ಕೆ ಮುಂದಿನ ಡಿಸ್ಕ್ ಜೋಡಿಸಿದರೆ ಪ್ಯಾಡ್ ಬಿಡದೆ ಉಜ್ಜುತ್ತಾ ಕಾಯುತ್ತದೆ. ಸಣ್ಣ ತಂತಿಯಿಂದ ಮೆಲ್ಲಗೆ ಮುಟ್ಟಿ ನೋಡಿದರೆ ವಾಲ್ವ್ ಇರುವುದು ತಿಳಿಯುತ್ತದೆ. ಬಳಸಿದ ಮಾಸ್ಟರ್‌ನ ಬೋರ್‌ನಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ ಕಿಟ್ ಹಾಕಿ ಪ್ರಯೋಜನವಿಲ್ಲ.

ಸಾಮಾನು

ಮಾಸ್ಟರ್ ಸಿಲಿಂಡರ್ ಮತ್ತು ರಿಸರ್ವಾಯರ್. 6 ಮಿ.ಮೀ. ಎಂ.ಎಸ್. ಪ್ಲೇಟ್, ಬೂಸ್ಟರ್ ಕೂತಿದ್ದ ಜಾಗವನ್ನೂ ಹೊಸ ತೂತನ್ನೂ ಮುಚ್ಚುವಷ್ಟು ದೊಡ್ಡದು, ಒಳಗಿನ ಪಕ್ಕಕ್ಕೆ 4 ಮಿ.ಮೀ.ನ ಇನ್ನೊಂದು. 8.8 ಗ್ರೇಡಿನ ಎಂ8 ಬೋಲ್ಟ್, ನೈಲಾಕ್ ನಟ್. ಹೈಟೆನ್ಸಿಲ್ ಪುಶ್ ರಾಡ್, ಫೋರ್ಕ್, ಚೆಕ್ ನಟ್, ಹೊಸ ಪಿನ್, ಹೊಸ ಸ್ಪ್ಲಿಟ್ ಪಿನ್. 4.75 ಮಿ.ಮೀ. ಸ್ಟೀಲ್ ಅಥವಾ ಕ್ಯುಪ್ರೊನಿಕಲ್ ಬ್ರೇಕ್ ಪೈಪ್ 2 ಮೀಟರ್. ಫ್ರಿಜ್ ಮೆಕ್ಯಾನಿಕ್ ಬಳಿ ಸಿಗುವ ಬರೀ ತಾಮ್ರದ ಪೈಪ್ ಬೇಡ, ಅದುರಿ ಅದುರಿ ಗಡುಸಾಗಿ ಸೀಳುತ್ತದೆ. ಡಾಟ್ 4 ಬ್ರೇಕ್ ಆಯಿಲ್ 1 ಲೀಟರ್, ಅರ್ಧ ಲೀಟರಿನ ಎರಡು ಸೀಲ್ ಡಬ್ಬಿ. ತೆರೆದಿಟ್ಟ ಡಬ್ಬಿ ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರಿಯೇ ಇರುತ್ತದೆ. ಪೆಡಲ್‌ಗೆ ರಿಟರ್ನ್ ಸ್ಪ್ರಿಂಗ್. 10 ಮಿ.ಮೀ. ಫ್ಲೇರ್ ನಟ್ ಸ್ಪ್ಯಾನರ್, ಯಾಕೆಂದರೆ ಸಾಮಾನ್ಯ ಓಪನ್ ಸ್ಪ್ಯಾನರ್ ತುಕ್ಕು ಹಿಡಿದ ನಿಪ್ಪಲ್‌ನ ಮೂಲೆಗಳನ್ನು ತಿಂದುಹಾಕುತ್ತದೆ.

ಬಿಚ್ಚುವುದು

ಹಿಂದಿನ ದಿನವೇ ಪೈಪಿನ ನಿಪ್ಪಲ್‌ಗಳಿಗೂ ನಾಲ್ಕು ಬ್ಲೀಡರ್‌ಗಳಿಗೂ (ಚಕ್ರದ ಬಳಿ ಗಾಳಿ ಹೊರಬಿಡುವ ಸ್ಕ್ರೂಗಳು) ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಸಕಲೇಶಪುರ, ಮೂಡಿಗೆರೆ ಕಡೆಯ ಗಾಡಿಗಳಲ್ಲಿ ಇವು ಸುಲಭಕ್ಕೆ ಬರುವುದಿಲ್ಲ. ಎಂಜಿನ್ ಆಫ್ ಮಾಡಿ ಪೆಡಲ್ ಅನ್ನು ಐದಾರು ಸಲ ಒತ್ತಿ ಬೂಸ್ಟರ್‌ನೊಳಗಿನ ನಿರ್ವಾತ ಖಾಲಿ ಮಾಡಿ. ರಿಸರ್ವಾಯರ್‌ನ ಆಯಿಲ್ ಅನ್ನು ಸಿರಿಂಜ್‌ನಿಂದ ಎಳೆಯಿರಿ. ಬ್ರೇಕ್ ಆಯಿಲ್ ಪೇಂಟ್ ಕಿತ್ತುಹಾಕುತ್ತದೆ, ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಆಮೇಲೆ ಪೈಪು, ಮಾಸ್ಟರ್, ಪೆಡಲ್ ಬಳಿಯ ಸ್ಪ್ಲಿಟ್ ಪಿನ್, ಕ್ಯಾಬಿನ್ ಒಳಗಿನ ನಟ್‌ಗಳು, ಕೊನೆಗೆ ಬೂಸ್ಟರ್.

ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡ್ ನಿಪ್ಪಲ್ ಅನ್ನು ಬಿಚ್ಚಿ ಅಲ್ಲಿಗೆ ಥ್ರೆಡ್ ಪ್ಲಗ್ ಹಾಕಿ. ರಬ್ಬರ್ ಕ್ಯಾಪ್ ಬಿಸಿಗೆ ಸೀಳಿದರೆ ಕಳ್ಳಗಾಳಿ ನುಗ್ಗಿ ಐಡ್ಲಿಂಗ್ ಕೆಡುತ್ತದೆ. ಡೀಸೆಲ್‌ನಲ್ಲಿ ಆಲ್ಟರ್ನೇಟರ್ ಹಿಂದಿನ ವ್ಯಾಕ್ಯೂಮ್ ಪಂಪ್ ಇದ್ದರೆ ಅದರ ಎಳೆಯುವ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿ. ತೆರೆದಿಟ್ಟರೆ ಧೂಳು ಎಳೆದು ಎಂಜಿನ್ ಆಯಿಲ್‌ಗೆ ಸೇರಿಸುತ್ತದೆ. ಅದೇ ಪಂಪ್‌ನಿಂದ ಇಜಿಆರ್ (ಹೊಗೆಯ ಒಂದಷ್ಟನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಅಥವಾ ಫೋರ್ ವೀಲ್ ಹಬ್‌ಗೆ ಪೈಪ್ ಹೋಗಿದ್ದರೆ ಅದನ್ನು ಮಾತ್ರ ಹಾಗೆಯೇ ಬಿಡಿ.

ಪ್ಲೇಟ್, ಮಾಸ್ಟರ್, ರಾಡ್

ಬೂಸ್ಟರ್‌ನ ಅಗಲವಾದ ಬುಡ ಫೈರ್‌ವಾಲ್‌ನ ಮೇಲೆ ಬಲವನ್ನು ಹರಡುತ್ತಿತ್ತು. ಮಾಸ್ಟರ್‌ನ ಎರಡು ಬೋಲ್ಟ್ ಹಾಗೆ ಹರಡುವುದಿಲ್ಲ. ತೆಳು ತಗಡಿಗೆ ನೇರವಾಗಿ ಕೂರಿಸಿದರೆ ಪ್ರತಿ ಒತ್ತಿಗೂ ತಗಡು ಬಾಗಿ, ಪೆಡಲ್ ಸ್ಪಂಜಿನಂತಾಗುತ್ತದೆ. ಗಾಳಿ ಇದೆ ಅಂತ ಬ್ಲೀಡ್ ಮಾಡಿದ್ದೇ ಮಾಡಿದ್ದು, ಕಾರಣ ತಗಡು. ಹೊರಗೆ 6 ಮಿ.ಮೀ., ಒಳಗೆ 4 ಮಿ.ಮೀ. ಪ್ಲೇಟ್ ಇಟ್ಟು, ಹಳೆಯ ನಾಲ್ಕು ತೂತುಗಳನ್ನೇ ಬಳಸಿ ಬೋಲ್ಟ್ ಹಾಕಿ. ಒಳಗಿನ ಪ್ಲೇಟ್ ಪೆಡಲ್ ಬ್ರಾಕೆಟ್‌ಗೆ ಸೇರಿರಬೇಕು. ಎಂ8 ಬೋಲ್ಟ್‌ಗೆ 22ರಿಂದ 25 ನ್ಯೂಟನ್ ಮೀಟರ್ ಟಾರ್ಕ್ ಸಾಕು. ಒಬ್ಬರು ಪೆಡಲ್ ಒದೆಯುವಾಗ ಇನ್ನೊಬ್ಬರು ಮಾಸ್ಟರ್‌ನ ಮೂತಿ ನೋಡಿ. 1 ಮಿ.ಮೀ.ಗಿಂತ ಹೆಚ್ಚು ಅಲುಗಿದರೆ ಪ್ಲೇಟ್‌ಗೆ ಇನ್ನೊಂದು ಆಧಾರ ಬೇಕು.

ಇಲ್ಲಿಯವರೆಗೆ ಪೆಡಲ್ ಅನ್ನು ಹಿಂದಕ್ಕೆ ತಳ್ಳುತ್ತಿದ್ದುದೂ, ಅದು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುತ್ತಿದ್ದುದೂ ಬೂಸ್ಟರೇ. ಅದು ಹೋದ ಮೇಲೆ ಎರಡೂ ಕೆಲಸಕ್ಕೆ ಬೇರೆ ವ್ಯವಸ್ಥೆ ಬೇಕು: ಒಂದು ರಿಟರ್ನ್ ಸ್ಪ್ರಿಂಗ್, ಪೆಡಲ್ ತೋಳಿಗೆ ಬಡಿಯುವ ರಬ್ಬರ್ ತುದಿಯ ಒಂದು ಸ್ಟಾಪ್ ಬೋಲ್ಟ್. ಸ್ಟಾಪ್ ಹೊಂದಿಸಿದ ಮೇಲೆ ಬ್ರೇಕ್ ಲೈಟ್ ಸ್ವಿಚ್ ಅನ್ನೂ ಹೊಸ ಜಾಗಕ್ಕೆ ಸರಿಸಿ.

ಈಗ ರಾಡ್ ಉದ್ದ. ಪೆಡಲ್ ಸ್ಟಾಪ್‌ಗೆ ತಾಗಿ ನಿಂತಾಗ ರಾಡ್ ಮತ್ತು ಪಿಸ್ಟನ್ ನಡುವೆ 1ರಿಂದ 1.5 ಮಿ.ಮೀ. ಬಿಡುವು ಇರಲೇಬೇಕು. ಪಾದದ ಬಳಿ ಅದು 6ರಿಂದ 9 ಮಿ.ಮೀ. ಸಡಿಲವಾಗಿ ಕಾಣುತ್ತದೆ. ಈ ಸಡಿಲ ಇಷ್ಟವಾಗದೆ ರಾಡ್ ಉದ್ದ ಮಾಡುವವರಿದ್ದಾರೆ. ಬಿಡುವು ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ, ಆಯಿಲ್ ರಿಸರ್ವಾಯರ್‌ಗೆ ಮರಳುವ ಸಣ್ಣ ತೂತನ್ನು ಮುಚ್ಚಿಕೊಂಡಿರುತ್ತದೆ. ಎರಡು ಕಿಲೋಮೀಟರ್ ಓಡಿ ಆಯಿಲ್ ಬಿಸಿಯಾಗಿ ಹಿಗ್ಗಿದರೆ ಹೋಗಲು ದಾರಿಯಿಲ್ಲ, ಬ್ರೇಕ್ ತಾನಾಗಿಯೇ ಹಿಡಿಯುತ್ತದೆ. ಹಾಗೆ ಹಿಡಿದು ನಿಂತಾಗ ಮಾಸ್ಟರ್‌ನ ನಟ್ ಸ್ವಲ್ಪ ಸಡಿಲಿಸಿ. ತಕ್ಷಣ ಚಕ್ರ ಬಿಟ್ಟರೆ ರಾಡ್ ಉದ್ದವೇ ಕಾರಣ. ಫೋರ್ಕ್‌ನೊಳಗೆ ಥ್ರೆಡ್ ಕನಿಷ್ಠ ರಾಡ್ ದಪ್ಪದ ಒಂದೂವರೆ ಪಟ್ಟು ಹೋಗಿರಬೇಕು. ಎಂ8 ರಾಡ್‌ಗೆ 12 ಮಿ.ಮೀ. ಚೆಕ್ ನಟ್ ಬಿಗಿಯಲು ಮರೆಯಬೇಡಿ.

ಪೈಪ್ ಜೋಡಿಸುವ ಮುಂಚೆ ಫ್ಲೇರ್, ಅಂದರೆ ಪೈಪಿನ ಅರಳಿಸಿದ ತುದಿ, ನೋಡಿ. ಬಬಲ್ ಫ್ಲೇರ್, ಡಬಲ್ ಫ್ಲೇರ್ ಒಂದಕ್ಕೊಂದು ಕೂರುವುದಿಲ್ಲ. ಬಲವಂತಕ್ಕೆ ಬಿಗಿಸಿದರೆ ಮೊದಲ ದಿನ ಸೋರದಿರಬಹುದು, ಅಷ್ಟೇ. ಹಿಂದಿನ ಆಕ್ಸಲ್ ಬಳಿಯ ಲೋಡ್ ವಾಲ್ವ್ (ಹೊರೆಗೆ ತಕ್ಕಂತೆ ಹಿಂದಿನ ಬ್ರೇಕ್‌ನ ಒತ್ತಡ ಹೊಂದಿಸುವುದು) ಇದ್ದರೆ ಅದನ್ನು ಮುಟ್ಟಬೇಡಿ.

ಗಾಳಿ ತೆಗೆಯುವುದು

ಹೊಸ ಮಾಸ್ಟರ್ ಅನ್ನು ಗಾಡಿಗೆ ಹಾಕುವ ಮುಂಚೆ ವೈಸ್‌ಗೆ ಸಮತಟ್ಟಾಗಿ ಕಚ್ಚಿಸಿ, ಎರಡು ಬಾಯಿಯಿಂದಲೂ ಚಿಕ್ಕ ಟ್ಯೂಬ್ ತಂದು ರಿಸರ್ವಾಯರ್‌ನ ಆಯಿಲ್‌ನಲ್ಲೇ ಮುಳುಗಿಸಿ. ಸ್ಕ್ರೂಡ್ರೈವರ್ ಹಿಡಿಯಿಂದ ಪಿಸ್ಟನ್ ಅನ್ನು ನಿಧಾನಕ್ಕೆ ಒತ್ತಿ, ನಿಧಾನಕ್ಕೆ ಬಿಡಿ. ಗುಳ್ಳೆ ನಿಲ್ಲುವವರೆಗೆ ಇದೇ ಕೆಲಸ. ಇದನ್ನು ಬಿಟ್ಟರೆ ಚಕ್ರದ ಬಳಿ ಅರ್ಧ ದಿನ ಕೂತರೂ ಮಾಸ್ಟರ್‌ನೊಳಗಿನ ಗಾಳಿ ಹೊರಗೆ ಬರುವುದಿಲ್ಲ.

ಬಲಗಡೆ ಸ್ಟಿಯರಿಂಗ್ ಇರುವ ಗಾಡಿಯಲ್ಲಿ ಅತಿ ದೂರದ್ದು ಹಿಂದಿನ ಎಡ ಚಕ್ರ. ಅಲ್ಲಿಂದ ಶುರು ಮಾಡಿ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಸರ್ಕ್ಯೂಟ್ ಅಡ್ಡಡ್ಡ ಹಂಚಿಕೆಯಾಗಿರುವ ಕಾರಿಗೆ ಅದರ ಮ್ಯಾನುಯಲ್ ಹೇಳಿದ ಕ್ರಮ. ಪೆಡಲ್ ಒತ್ತುವವರು ಬ್ಲೀಡರ್ ಮುಚ್ಚಿದ ಮೇಲಷ್ಟೇ ಪಾದ ಎತ್ತಬೇಕು.

ಪೆಡಲ್ ಓಟ ಎರಡು ಪಟ್ಟಾಗಿದೆ ಎಂದೆವಲ್ಲ, ಅದಕ್ಕೇ ಹಿಂದಿನ ಡ್ರಮ್ ಅಡ್ಜಸ್ಟ್‌ಮೆಂಟ್ ಈಗ ಮೊದಲಿಗಿಂತ ಮುಖ್ಯ. ಹ್ಯಾಂಡ್ ಬ್ರೇಕ್ ಕೇಬಲ್ ಪೂರ್ತಿ ಸಡಿಲ ಮಾಡಿ, ಚಕ್ರ ತಿರುಗಿಸಿದಾಗ ಲೈನರ್ ಸಣ್ಣಗೆ ಉಜ್ಜುವ ಸದ್ದು ಬರುವಷ್ಟು ಬಿಗಿಸಿ, ಕೊನೆಗೆ ಕೇಬಲ್ ಹೊಂದಿಸಿ. ಲೈನರ್ ಸವೆದು ಬೂಸ್ಟರ್ ಗಾಡಿಯಲ್ಲಿ ಪೆಡಲ್ 10 ಮಿ.ಮೀ. ಇಳಿಯುವಂಥ ಸವೆತಕ್ಕೆ ಇಲ್ಲಿ 20 ಮಿ.ಮೀ. ಇಳಿಯುತ್ತದೆ.

ನಿಲ್ಲಿಸಿದ ಗಾಡಿಯಲ್ಲಿ ಪರೀಕ್ಷೆ

ಪೆಡಲ್ ಅನ್ನು ಬಲವಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ, ಹೊರಗೆ ಕಾಣದಿದ್ದರೆ ಮಾಸ್ಟರ್‌ನ ಕಪ್. ಎರಡನೇ ಒತ್ತಿಗೆ ಪೆಡಲ್ ಮೇಲೆ ಬಂದರೆ ಡ್ರಮ್ ಸಡಿಲ ಅಥವಾ ಗಾಳಿ. ಸ್ಪಂಜಿನಂತಿದ್ದರೆ ಗಾಳಿ, ಹಳೆಯ ರಬ್ಬರ್ ಹೋಸ್ ಉಬ್ಬುವುದು, ಇಲ್ಲವೇ ಆಗಲೇ ಹೇಳಿದ ಫೈರ್‌ವಾಲ್. ಪೆಡಲ್ ಗಟ್ಟಿಯಾಗಿ ಮೇಲೇ ನಿಂತು, ಗಾಡಿ ಮಾತ್ರ ನಿಲ್ಲದಿದ್ದರೆ ಬೋರ್ ದೊಡ್ಡದು ಅಥವಾ ಅನುಪಾತ ಕಡಿಮೆ, ಅದಕ್ಕೆ ಬ್ಲೀಡಿಂಗ್ ಮದ್ದಲ್ಲ.

ಇನ್ನೊಂದು ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಆದರೆ ಮಾಡಲೇಬೇಕು. ಮುಂದಿನ ಒಂದು ಬ್ಲೀಡರ್‌ಗೆ ಟ್ಯೂಬ್ ಹಾಕಿ ತೆರೆದಿಟ್ಟು ಪೆಡಲ್ ಒತ್ತಿ. ಒಂದು ಸರ್ಕ್ಯೂಟ್ ಒಡೆದರೆ ಆಗುವುದು ಇದೇ. ಪಾದ ನೆಲಕ್ಕೆ ತಾಗುವ ಮುಂಚೆ ಹಿಂದಿನ ಬ್ರೇಕ್ ಹಿಡಿಯಬೇಕು. ಆಮೇಲೆ ಹಿಂದಿನದನ್ನು ತೆರೆದು ಮುಂದಿನದಕ್ಕೂ ಹೀಗೇ ನೋಡಿ. ಮಾಸ್ಟರ್‌ನ ಪೂರ್ಣ ಓಟ 30 ಮಿ.ಮೀ. ಇದ್ದರೆ 6ರ ಅನುಪಾತದಲ್ಲಿ ಪೆಡಲ್‌ಗೆ 180 ಮಿ.ಮೀ. ಜಾಗ ಬೇಕು. ಪೆಡಲ್ ಮೊದಲೇ ನೆಲಕ್ಕೆ ಬಡಿದರೆ ಎರಡು ಸರ್ಕ್ಯೂಟ್ ಇದ್ದೂ ಉಪಯೋಗವಿಲ್ಲ, ಸ್ಟಾಪ್ ಬೋಲ್ಟ್ ಮತ್ತು ರಾಡ್ ಎರಡನ್ನೂ ಹೊಂದಿಸಿ ಪೆಡಲ್ ಎತ್ತರಿಸಿ. ಕೊನೆಗೆ ಮತ್ತೆ ಬ್ಲೀಡ್ ಮಾಡಿ.

ಪ್ಯಾಡ್ ಮತ್ತು ರಸ್ತೆ

ಪ್ಯಾಡ್‌ನ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತವೆ. ಮೊದಲನೆಯದು ಸಾಮಾನ್ಯ ಶಾಖದಲ್ಲಿ, ಎರಡನೆಯದು ಬಿಸಿಯಾದಾಗ ಪ್ಯಾಡ್ ಎಷ್ಟು ಹಿಡಿಯುತ್ತದೆ ಎಂದು ಹೇಳುತ್ತದೆ. 'ಇ' ಎಂದರೆ ಘರ್ಷಣಾಂಕ 0.25ರಿಂದ 0.35, 'ಎಫ್' 0.35ರಿಂದ 0.45, 'ಜಿ' 0.45ರಿಂದ 0.55. ಬೂಸ್ಟರ್ ಇದ್ದಾಗ 'ಇಇ' ಪ್ಯಾಡ್‌ನಲ್ಲೂ ನಡೆಯುತ್ತಿತ್ತು. ಈಗ 'ಎಫ್ಎಫ್' ಕ್ಕಿಂತ ಕಡಿಮೆ ಬೇಡ. ಹೊಸ ಪ್ಯಾಡ್ ಹಾಕಿದರೆ 50ರಿಂದ 10 ಕಿ.ಮೀ. ವೇಗಕ್ಕೆ ಹತ್ತು ಹದಿನೈದು ಸಲ ಮಿತವಾಗಿ ಇಳಿಸಿ, ನಡುನಡುವೆ ಗಾಳಿಗೆ ಬಿಟ್ಟು ಹದ ಮಾಡಿ.

ಮೊದಲು ಅಂಗಳದಲ್ಲಿ 20 ಕಿ.ಮೀ. ವೇಗ, ಹ್ಯಾಂಡ್ ಬ್ರೇಕ್ ಕೈಯಲ್ಲೇ ಇರಲಿ. ಆಮೇಲೆ ಜನರಿಲ್ಲದ ಸಮತಟ್ಟಾದ ಒಣ ಟಾರು ಜಾಗದಲ್ಲಿ 50ರಿಂದ ಸೊನ್ನೆಗೆ. ಚಕ್ರ ಲಾಕ್ ಆಗುವ ಹತ್ತಿರಕ್ಕೆ ಒತ್ತಿದರೆ 14ರಿಂದ 16 ಮೀಟರ್‌ನಲ್ಲಿ ನಿಲ್ಲಬೇಕು. 20 ಮೀಟರ್ ದಾಟಿದರೆ ಪ್ಯಾಡ್ ಅಥವಾ ಬೋರ್ ಲೆಕ್ಕಕ್ಕೆ ವಾಪಸ್ ಹೋಗಿ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ತಿರುಗಿಬಿಡುತ್ತದೆ, ಹಾಗೇ ರಸ್ತೆಗೆ ತರಬೇಡಿ.

ಈ ಅಭ್ಯಾಸ ಪಾದಕ್ಕೆ ಕೂರುವವರೆಗೆ, ಒಂದು 200 ಕಿ.ಮೀ. ಆದರೂ, ಚಾರ್ಮಾಡಿ, ಶಿರಾಡಿ, ಬಿಸಿಲೆ ಘಾಟಿಗಳ ಕಡೆ ಹೋಗಬೇಡಿ. 1,200 ಕೆ.ಜಿ. ಗಾಡಿ 500 ಮೀಟರ್ ಕೆಳಗಿಳಿದಾಗ ಹೊರಬೀಳುವ ಶಕ್ತಿ ಸುಮಾರು 5.9 ಮೆಗಾಜೂಲ್. ಅದೆಲ್ಲ 20 ಕೆ.ಜಿ. ಡಿಸ್ಕ್ ಮತ್ತು ಡ್ರಮ್‌ಗೇ ಹೋಗಿ, ಗಾಳಿ ತಣಿಸದೇ ಇದ್ದರೆ ಕಬ್ಬಿಣ 640 ಡಿಗ್ರಿಯಷ್ಟು ಬಿಸಿಯೇರುತ್ತದೆ. ಪ್ಯಾಡ್ ಬಿಸಿಯಾಗಿ ಹಿಡಿತ ಅರ್ಧಕ್ಕಿಳಿದರೆ ಬೂಸ್ಟರ್ ಗಾಡಿಯವರು ಇನ್ನಷ್ಟು ಒತ್ತುತ್ತಾರೆ, ಇಲ್ಲಿ 40 ಕೆ.ಜಿ. ಇದ್ದದ್ದು 80 ಆಗುತ್ತದೆ. ಎರಡನೇ ಗೇರ್‌ನಲ್ಲಿ ಇಳಿಯಿರಿ, ಬ್ರೇಕ್ ಮೇಲೆ ಪಾದ ಇಟ್ಟೇ ಇರಬೇಡಿ, ತಿರುವಿಗೆ ಮುಂಚೆ ಒಂದು ಗಟ್ಟಿ ಒತ್ತು ಕೊಟ್ಟು ಬಿಟ್ಟುಬಿಡಿ. ಸಮತಟ್ಟಿನಲ್ಲಿ ಸರಿಯಿದ್ದ ಪೆಡಲ್ ಘಾಟಿಯ ಕೊನೆಗೆ ಮೆತ್ತಗಾಗಿ ಕೆಳಗೆ ಹೋದರೆ ಆಯಿಲ್ ಕುದಿದಿದೆ. ಹೊಸ ಡಾಟ್ 4 ಆಯಿಲ್ 230 ಡಿಗ್ರಿವರೆಗೆ ತಡೆಯುತ್ತದೆ, ನೀರು ಹೀರಿದ್ದು 155ಕ್ಕೇ ಕುದಿಯುತ್ತದೆ. ಬಯಲುಸೀಮೆಯವರು ಎರಡು ವರ್ಷಕ್ಕೆ ಬದಲಿಸಿದರೆ ಇಲ್ಲಿಯವರು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬದಲಿಸುವುದು ಒಳ್ಳೆಯದು.

500 ಕಿ.ಮೀ. ಆದ ಮೇಲೆ ಪ್ಲೇಟ್‌ನ ಬೋಲ್ಟ್, ಚೆಕ್ ನಟ್, ಸ್ಪ್ಲಿಟ್ ಪಿನ್, ಪೆಡಲ್ ವೆಲ್ಡಿಂಗ್‌ನ ಅಂಚು, ಪ್ರತಿ ನಿಪ್ಪಲ್‌ನ ಬುಡ, ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿ. ಮಾಸ್ಟರ್‌ನ ಹಿಂದೆ, ಕ್ಯಾಬಿನ್ ಒಳಗಡೆ, ರಾಡ್ ಉದ್ದಕ್ಕೆ ಬೆರಳು ಒರೆಸಿ. ಬೆರಳಿಗೆ ಆಯಿಲ್ ಹತ್ತಿದರೆ ಹಿಂದಿನ ಕಪ್ ಸೋರುತ್ತಿದೆ, ರಾಡ್ ಓರೆಯಾಗಿದೆಯೇ ಅಂತ ಮತ್ತೆ ಅಳೆದೇ ಹೊಸ ಕಿಟ್ ಹಾಕಿ.